ಶುಕ್ರವಾರದ ಕೈ

ರುವಿ, ಮಸ್ಕತ್
22-9-1984

ಲೋಕಣ್ಣನಿಗೆ,

ಈ ಶುಕ್ರವಾರವೂ ರೇಡಿಯೋ ಮುಂದೆ ಕೂತೆ. ನೀವು ಇರಲಿಲ್ಲ. ಆಗಸ್ಟ್ ಕೊನೆಯಿಂದ ಇಪ್ಪತ್ತು ಮೀಟರ್ ಬ್ಯಾಂಡಿನಲ್ಲಿ ನಮ್ಮ ಜಾಗ ಖಾಲಿ ಉಂಟು. ಮೊದಲ ವಾರ ಹವೆ ಸರಿಯಿಲ್ಲ ಎಂದುಕೊಂಡೆ. ಆದರೆ ಕೊಲಂಬೋ ಕೇಳುತ್ತಿತ್ತು, ಬೊಂಬಾಯಿ ಕೇಳುತ್ತಿತ್ತು. ಮಂಗಳೂರಿಗೆ ಮಾತ್ರ ಹವೆ ಕೆಡುವುದು ಹೇಗೆ?

ನನ್ನ ಕೋಣೆಯವರಿಗೆಲ್ಲ ಇದು ಗೊತ್ತು. ನಿಮ್ಮಲ್ಲಿ ಸಂಜೆ ಆರು ಗಂಟೆ ಆಗುವ ಹೊತ್ತಿಗೆ ನಾನು ಹೆಡ್‌ಫೋನ್ ಹಾಕಿ ಡಯಲ್ ಹಿಡಿದರೆ ಯಾರೂ ಮಿಕ್ಸಿ ತಿರುಗಿಸುವುದಿಲ್ಲ. "ನಿನ್ನ ಶೆಟ್ಟರು ಬಂದರಾ?" ಎಂದು ಕೇಳುತ್ತಾರೆ. ಹ್ಯಾಮ್ ರೇಡಿಯೋ ಪರೀಕ್ಷೆ ಬರೆಯುವ ಮೊದಲೇ ವೀಸಾ ಬಂತು, ಹಾಗಾಗಿ ನನಗೆ ಕೇಳಬಹುದು, ಸಂದೇಶ ಕಳುಹಿಸುವ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವನನ್ನು ನೀವು ಗಾಳಿಯಲ್ಲಿ ಮಾತಾಡಿಸುವ ಹಾಗೂ ಇಲ್ಲ. ನೀವು ಲೈಸೆನ್ಸ್ ಇರುವ ಆ ಕೊಲಂಬೋದವರಿಗೆ ಹೇಳುತ್ತೀರಿ, ನಾನು ಕೇಳಿಸಿಕೊಳ್ಳುತ್ತೇನೆ. ನಿಮ್ಮ ಹೋಟೆಲಿನ ಸ್ಟೋರ್ ಸೋರಿದ್ದು, ಕುಶಲಕ್ಕನ ತಂಗಿಗೆ ಗಂಡು ನಿಶ್ಚಯವಾದದ್ದು, ಎಲ್ಲ ನನಗೆ ತಿಳಿದದ್ದು ಹಾಗೆ. ಮಂಗಳೂರಿನ ಈ ಮನುಷ್ಯ ನನಗ್ಯಾಕೆ ಇಷ್ಟೆಲ್ಲ ಮನೆಸುದ್ದಿ ಹೇಳುತ್ತಾನೆ ಎಂದು ಆ ಕೊಲಂಬೋದವರು ತಲೆ ಕೆರೆದುಕೊಂಡಿರಬಹುದು.

ಡಯಲ್ ತಿರುಗಿಸುವಾಗ ನಿಮ್ಮ ಸ್ಟೇಷನ್ನಿನ ಕರೆಹೆಸರು ಬರುವವರೆಗೆ ನಾನು ಕಾಯುವುದಿಲ್ಲ. ಮೋರ್ಸ್ ಕೀ ಒತ್ತುವ ಕೈಯಿಂದಲೇ ಗುರುತು ಸಿಗುತ್ತದೆ. ನಿಮ್ಮ ಕರೆಹೆಸರಿನ ಕೊನೆಯ ಅಕ್ಷರ ವೈ. ಡಾ ಡಿ ಡಾ ಡಾ, ಉದ್ದ ಗಿಡ್ಡ ಉದ್ದ ಉದ್ದ. ಆ ಕೊನೆಯ ಡಾವನ್ನು ನೀವು ಎಳೆಯುತ್ತೀರಿ, ತೊಕ್ಕೊಟ್ಟಿನಲ್ಲಿ ಬಸ್ಸಿನ ಕಂಡಕ್ಟರ್ "ರೈ...ಟ್" ಎಂದ ಹಾಗೆ. ನನಗೆ ಮೋರ್ಸ್ ಕಲಿಸುವಾಗ ಹಾಗೆ ಎಳೆಯಬಾರದು ಎಂದು ಕಿವಿ ಹಿಂಡಿದವರೂ ನೀವೇ.

ಸೆಟ್ಟಿನ ವಾಲ್ವ್ ಹೋಗಿದ್ದರೆ ನಂಬರ್ ಬರೆಯಿರಿ. ನನ್ನ ಕೋಣೆಯ ಬಿಜೈಯ ವಿಲ್ಲಿ ಡಿಸೆಂಬರಿನಲ್ಲಿ ರಜೆಗೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ವಾಲ್ವ್ ಅಲ್ಲದಿದ್ದರೆ, ಎಂತ ಆಯಿತು ಎಂದು ಎರಡು ಗೆರೆ ಬರೆಯಿರಿ.

ಕಾಯುತ್ತಿರುವ
ಮೋಹನದಾಸ್


ಅತ್ತಾವರ, ಮಂಗಳೂರು
14-10-1984

ಪ್ರಿಯ ಮೋಹನ,

ಏರಿಯಲ್ ಬಿದ್ದಿದೆ. ಆಗಸ್ಟಿನ ಗಾಳಿಗೆ ಟೆರೇಸಿನ ಕಂಬ ವಾಲಿತು. ಎತ್ತಿ ನಿಲ್ಲಿಸಬಹುದು, ನಿಲ್ಲಿಸಿಲ್ಲ. ಅಣ್ಣ ಮಹಾಬಲ ಹೋಟೆಲಿಗೆ ಮೇಲಂತಸ್ತು ಕಟ್ಟಿಸುತ್ತಿದ್ದಾನೆ. ನನಗೆ ಅಲ್ಲಿ ಕೆಲಸ ಇದೆ ಎಂದು ಹೇಳಿಕೊಳ್ಳುತ್ತೇನೆ. ಈ ಕಾಗದವನ್ನು ಕುಶಲಾ ಬರೆದುಕೊಳ್ಳುತ್ತಿದ್ದಾಳೆ. ಅವಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ ಎಂಬುದು ನಿನಗೂ ಗೊತ್ತಿದೆ.

ಇತ್ತೀಚೆಗೆ ಒಂದು ವಿಚಾರ ಬರುತ್ತದೆ. ನಾವು ಮಾತಾಡುವುದು ತುಳುವಿನಲ್ಲಿ, ಕಾಗದ ಬರೆಯುವುದು ಕನ್ನಡದಲ್ಲಿ, ಗಾಳಿಗೆ ಬಡಿಯುವುದು ಇಂಗ್ಲಿಷಿನ ಅರ್ಧಂಬರ್ಧ ಅಕ್ಷರಗಳಲ್ಲಿ. ಇಷ್ಟು ದೂರ ಬಂದ ಮೇಲೆ ಹೇಳಬೇಕಾದ್ದು ಎಷ್ಟು ಉಳಿದಿರುತ್ತದೆ? ಹವ್ಯಾಸ ಎಂದರೆ ಯಾರೂ ಕೇಳಿಕೊಳ್ಳದ ಕೆಲಸ. ಬಿಡುವಾಗಲೂ ಯಾರೂ ಕಾರಣ ಕೇಳಬಾರದು.

ಡಿಸೆಂಬರಿಗೆ ಲೈಸೆನ್ಸ್ ಮುಗಿಯುತ್ತದೆ. ನವೀಕರಿಸುವುದಿಲ್ಲ. ಸೆಟ್ಟನ್ನು ಉಳ್ಳಾಲದ ಹಾಶಿಮನಿಗೆ ಕೊಡಬೇಕೆಂದಿದ್ದೇನೆ. ಅವನು ಈಗ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಅವನದೂ ಲೈಸೆನ್ಸ್ ಉಂಟು. ಶುಕ್ರವಾರಗಳಲ್ಲಿ ನೀನು ಸಮುದ್ರದ ಕಡೆ ಹೋಗು. ಅಲ್ಲಿಯೂ ಸಮುದ್ರ ಇದೆಯಲ್ಲ.

ನಿನ್ನ
ಲೋಕನಾಥ

ಮೋಹನಣ್ಣ, ಅಂಟಿಸುವ ಮೊದಲು ಇಷ್ಟು ಸೇರಿಸುತ್ತಿದ್ದೇನೆ. ಮೇಲಿನ ಸಹಿ ನೋಡಿ, ಅದು ಎಡಗೈಯದು. ಏರಿಯಲ್ ಅಲ್ಲೇ ಉಂಟು, ಬಿದ್ದದ್ದು ಇವರು. ಆಗಸ್ಟಿನಲ್ಲಿ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆ ಹತ್ತಿರ ಇದ್ದದ್ದರಿಂದ ಉಳಿದರು. ಮಾತು, ಕಾಲು ಸರಿಯಾಗಿದೆ. ಬಲಗೈ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಿಮಗೆ ತಿಳಿಸಬಾರದೆಂದು ಇವರ ಹಟ. ಶುಕ್ರವಾರ ಆರು ಗಂಟೆಗೆ ಮಾತ್ರ ಎದ್ದು ಹೋಗಿ ಸೆಟ್ಟಿನ ಮುಂದೆ ಕೂರುತ್ತಾರೆ. ಸ್ವಿಚ್ ಹಾಕುವುದಿಲ್ಲ. — ಕುಶಲಾ


ರುವಿ
10-11-1984

ಲೋಕಣ್ಣ,

ಕಾಗದ ಬಂತು. ಏರಿಯಲ್ ವಿಷಯ ಓದಿ ಬೇಸರವಾಯಿತು. ನಾವು ಮೊದಲ ಏರಿಯಲ್ ಕಟ್ಟಿದ್ದು ತೊಕ್ಕೊಟ್ಟಿನ ಆ ತೆಂಗಿನ ಮರಕ್ಕೆ, ನೆನಪುಂಟಲ್ಲ. ಆಗ ಆ ಮರ ನಿಮ್ಮದು. ಭೂಸುಧಾರಣೆಯ ಡಿಕ್ಲರೇಶನ್ ಆದ ಮೇಲೆ ಗೇಣಿ ಮಾಡುತ್ತಿದ್ದ ನಮ್ಮದು. ನಿಮ್ಮ ಅಪ್ಪ, ನಮ್ಮ ಅಪ್ಪ ಕೋರ್ಟಿನಲ್ಲಿ ಎದುರು ಬದುರು ಬೆಂಚಿನಲ್ಲಿ ಕೂತಿದ್ದ ವರ್ಷವೂ ತಂತಿಗೆ ಅದೆಲ್ಲ ತಿಳಿಯಲೇ ಇಲ್ಲ. ಅದರಲ್ಲೇ ಲಂಡನ್ ಕೇಳಿಸಿತ್ತು.

ನಿಮ್ಮಿಂದ ಒಂದು ಉಪಕಾರ ಆಗಬೇಕು. ನಾನೊಂದು ಪೆಟ್ಟಿಗೆ ಮಾಡಿದ್ದೇನೆ. ಇಲ್ಲಿ ಲಿಫ್ಟ್ ಕಂಟ್ರೋಲ್ ಬೋರ್ಡ್ ರಿಪೇರಿ ನನ್ನ ಕೆಲಸ. ಚಿಪ್ಪಿನೊಳಗೆ ಪ್ರೋಗ್ರಾಮ್ ಬರೆಯುವ ಯಂತ್ರ ಕಂಪನಿಯಲ್ಲಿದೆ, ಸಾಹೇಬರು ಸಂಜೆ ಬಳಸಲು ಬಿಡುತ್ತಾರೆ. ಪೆಟ್ಟಿಗೆಯ ಮುಂದೆ ಎರಡು ಹಿತ್ತಾಳೆ ತಗಡು. ಒಂದನ್ನು ಮುಟ್ಟಿದರೆ ಡಿ, ಇನ್ನೊಂದನ್ನು ಮುಟ್ಟಿದರೆ ಡಾ. ಯಾವುದು ಎಷ್ಟು ಉದ್ದ ಎಂಬುದನ್ನು ಬೆರಳು ನಿರ್ಧರಿಸುವುದಿಲ್ಲ, ಪ್ರೋಗ್ರಾಮ್ ನಿರ್ಧರಿಸುತ್ತದೆ. ಬೆರಳು ತಡೆದರೆ ಅದು ಕಾಯುತ್ತದೆ. ನಡುಗಿ ಎರಡು ಸಲ ತಾಗಿದರೆ ಒಂದೇ ಸಲ ಎಂದುಕೊಳ್ಳುತ್ತದೆ. ಯಾವ ಕೈಯಿಂದಲಾದರೂ ಮುಟ್ಟಬಹುದು.

ಗಾಳಿಯಲ್ಲಿ ಪರೀಕ್ಷಿಸದೆ ಇದು ಸರಿಯೋ ತಪ್ಪೋ ತಿಳಿಯುವುದಿಲ್ಲ. ನನಗೆ ಲೈಸೆನ್ಸ್ ಇಲ್ಲ. ನಿಮ್ಮದನ್ನು ಈ ಒಂದು ವರ್ಷಕ್ಕೆ ನವೀಕರಿಸಿ, ನನಗೋಸ್ಕರ. ಆಮೇಲೆ ಸೆಟ್ಟನ್ನು ಯಾರಿಗೆ ಬೇಕಾದರೂ ಕೊಡಿ.

ಪೆಟ್ಟಿಗೆ ವಿಲ್ಲಿಯ ಸೂಟ್‌ಕೇಸಿನಲ್ಲಿ ಬರುತ್ತದೆ. ಕಸ್ಟಮ್ಸಿನವರು ಬಿಚ್ಚಿ ಚಿಪ್ಪಿನ ತಂತಿಕಾಲು ಮುರಿಯುವುದು ಬೇಡವೆಂದು ಅದು ಮಾತ್ರ ಬೇರೆ, ಅವನ ಟ್ಯಾಂಗ್ ಶರಬತ್ತಿನ ಡಬ್ಬಿಯ ಪುಡಿಯೊಳಗೆ. ಚಿಪ್ಪಿನ ಬೆನ್ನಿಗೆ ಒಂದು ಸಣ್ಣ ಗಾಜಿನ ಕಿಟಕಿ ಉಂಟು. ಅದರೊಳಗೆ ಬಿಸಿಲು ಬಿದ್ದರೆ ಬರೆದದ್ದು ಅಳಿಸಿಹೋಗುತ್ತದೆ, ಕಾಗದ ಅಂಟಿಸಿದ್ದೇನೆ, ಕೀಳಬೇಡಿ. ಪ್ರೋಗ್ರಾಮನ್ನು ಹಾಳೆಗಳಲ್ಲಿಯೂ ಬರೆದು ಇದರೊಡನೆ ಇಟ್ಟಿದ್ದೇನೆ. ಕೇಳಿದವರಿಗೆ ಕೊಡಿ, ಬೇಕಾದವರು ತಿದ್ದಲಿ. ತಿದ್ದಿದವರು ತಿದ್ದಿದ್ದನ್ನು ನಮಗೂ ಕೊಡಬೇಕು, ಬೇರೆ ಷರತ್ತಿಲ್ಲ. ನೀವು ನನಗೆ ಸರ್ಕಿಟ್ ಬರೆದು ಕೊಡುತ್ತಿದ್ದಾಗ ಇದ್ದ ನಿಯಮ ಅದೇ.

ನಿಮ್ಮ
ಮೋಹನದಾಸ್


ಅತ್ತಾವರ
6-1-1985

ಮೋಹನ,

ಇದು ಎಡಗೈ. ನಿಧಾನ ಓದು.

"ಯಾವ ಕೈಯಿಂದಲಾದರೂ" ಎಂದು ನೀನು ಬರೆದಲ್ಲಿ ನನಗೆ ತಿಳಿಯಿತು. ಕುಶಲಾಳನ್ನು ಕೇಳಿದೆ. ಅವಳು ಒಪ್ಪಿಕೊಂಡಳು, ಆದರೆ ಸಾರಿ ಹೇಳಲಿಲ್ಲ. ಇಡೀ ಕಾಗದದಲ್ಲಿ ನೀನು ನನ್ನ ಆರೋಗ್ಯ ವಿಚಾರಿಸಿಲ್ಲ. ಅದಕ್ಕೆ ಋಣಿ. ಮನೆಗೆ ಬರುವವರೆಲ್ಲ ನನ್ನ ಕೈ ನೋಡಿ ಮಾತಾಡುತ್ತಾರೆ, ಕೈಗೇ ಕಿವಿ ಇದ್ದ ಹಾಗೆ.

ಲೈಸೆನ್ಸ್ ನವೀಕರಿಸಿದೆ. ನಿನ್ನ ಪೆಟ್ಟಿಗೆಯ ಪರೀಕ್ಷೆಗೆ, ಒಂದು ವರ್ಷಕ್ಕೆ.

ಪೆಟ್ಟಿಗೆ ಬಂತು. ಚಿಪ್ಪಿನ ಕಥೆ ಹೀಗೆ. ವಿಲ್ಲಿ ಬಂದವನೇ ಗೋವಾಕ್ಕೆ ಹೋದ. ಕ್ರಿಸ್ಮಸ್ ಹಬ್ಬ ಕಳೆದ ಮೇಲೆ ಕುಶಲಾ ಬಿಜೈಗೆ ಹೋದಾಗ ಅವನ ತಾಯಿ ವೆರೋನಿಕಾ ಬಾಯಿ ಬಹಳ ಪ್ರೀತಿಯಿಂದ ಚಿಪ್ಪನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟರಂತೆ. ಶರಬತ್ತು ಮಾಡಲು ಡಬ್ಬಿ ತೆಗೆದಾಗ ಚಮಚಕ್ಕೆ ಸಿಕ್ಕಿತಂತೆ. "ಪುಡಿ ಹಿಡಿದು ಅಂಟಂಟು ಆಗಿತ್ತು ಅಕ್ಕ. ನೀವು ಎಂತ ಹೇಳ್ತೀರೋ ಎಂದು ಚೆಂದ ಮಾಡಿ ತೊಳೆದು ಟೆರೇಸಿನಲ್ಲಿ ಮೆಣಸಿನ ಜೊತೆ ಒಣಗಿಸಿದ್ದೇನೆ. ಹಬ್ಬ ಮುಗಿಯುವವರೆಗೂ ಒಳ್ಳೆ ಬಿಸಿಲು." ಕಾಗದ ನೀರಿಗೆ ಹೋಗಿತ್ತು. ಕಿಟಕಿ ಆಕಾಶ ನೋಡುತ್ತಿತ್ತು. ಮಂಗಳೂರಿನ ಡಿಸೆಂಬರ್ ಬಿಸಿಲು ನಿನ್ನ ಪ್ರೋಗ್ರಾಮನ್ನು ಪೂರ್ತಿ ಕುಡಿದುಬಿಟ್ಟಿದೆ. ಹಾಶಿಂ ಕಾಲೇಜಿನಲ್ಲಿ ನೋಡಿ ಹೇಳಿದ, ಏನೂ ಇಲ್ಲ, ಹುಟ್ಟಿದ ಮಗುವಿನ ಹಾಗೆ ಇದೆ ಎಂದು.

ನಾನು ನಕ್ಕೆ. ಆಗಸ್ಟಿನ ನಂತರ ಮೊದಲ ಸಲ ಎಂದು ಕುಶಲಾ ಹೇಳುತ್ತಾಳೆ. ಚಿಪ್ಪಿನೊಂದಿಗೆ ನನಗೆ ಏನೋ ಒಂದು ಹೋಲಿಕೆ ಕಂಡಿತು, ಅದನ್ನು ಬರೆಯುವುದಿಲ್ಲ.

ಹಾಳೆಗಳು ಇದ್ದದ್ದರಿಂದ ಉಳಿಯಿತು. ಕುಶಲಾ ಒಂದೊಂದೇ ಸಂಖ್ಯೆ ಓದಿದಳು, ಹಾಶಿಂ ಕಾಲೇಜಿನ ಯಂತ್ರದಲ್ಲಿ ಒತ್ತಿದ. ಈ ಸಲ ಕಿಟಕಿಗೆ ಅವಳು ತನ್ನ ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ಅಂಟಿಸಿದ್ದಾಳೆ. ದೊಡ್ಡದು, ಮೆರೂನ್ ಬಣ್ಣದ್ದು. ಇನ್ನು ಯಾರೂ ಇದನ್ನು ತೊಳೆಯುವುದಿಲ್ಲ ಎಂಬುದು ಅವಳ ನಂಬಿಕೆ. ಸೆಟ್ಟಿಗೆ ಜೋಡಿಸುವುದು ಬಾಕಿ ಇದೆ.

ಲೋಕನಾಥ


ರುವಿ
3-2-1985

ಲೋಕಣ್ಣ,

ನಿಮ್ಮ ಎಡಗೈಯ ಕಾಗದವನ್ನು ಕೋಣೆಯಲ್ಲಿ ಓದಿ ಹೇಳಿದೆ. ವೆರೋನಿಕಾ ಬಾಯಿಯ ಜಾಗದಲ್ಲಿ ಎಲ್ಲರೂ ನಕ್ಕರು. ವಿಲ್ಲಿ ನಗಲಿಲ್ಲ. ಮೊನ್ನೆಯಿಂದ ಅವನನ್ನು ಎಲ್ಲರೂ ಟ್ಯಾಂಗ್ ಎಂದೇ ಕರೆಯುತ್ತಾರೆ.

ಜನವರಿಯ ಶುಕ್ರವಾರಗಳಲ್ಲಿ ತಪ್ಪದೆ ಕೂತೆ. ನಿಮ್ಮ ಸದ್ದಿಲ್ಲ. ಮೊನ್ನೆಯಂತೂ ಹ್ಯಾಮ್‌ಗಳ ಏನೋ ಸ್ಪರ್ಧೆ, ಬ್ಯಾಂಡ್ ತುಂಬ ಜನ, ಹಂಪನಕಟ್ಟೆಯ ಬಸ್ಸಿನ ಹಾಗೆ. ನಮ್ಮ ಜಾಗದಲ್ಲಿಯೇ ಒಂದು ಸ್ಟೇಷನ್ ಜೋರಾಗಿ ಬರುತ್ತಿತ್ತು. ಅಚ್ಚು ಹೊಡೆದ ಹಾಗೆ ಶುದ್ಧ, ಯಾವುದೋ ಯಂತ್ರ. ಕರೆಹೆಸರಿಗೆ ಕಾಯದೆ ದಾಟಿ ಮುಂದೆ ಹುಡುಕಿದೆ. ನಿಮ್ಮ ಆರೂವರೆಯವರೆಗೂ ಹುಡುಕಿದೆ.

ಹಾಶಿಂ ಹಾಕಿಕೊಟ್ಟದ್ದು ಸರಿಹೋಗಲಿಲ್ಲವೇ? ಅಥವಾ ನಿಮಗೆ ಮನಸ್ಸಿಲ್ಲವೇ? ಎರಡನೆಯದಾದರೆ ನಾನು ಮತ್ತೆ ಕೇಳುವುದಿಲ್ಲ.

ಮೋಹನದಾಸ್


ಅತ್ತಾವರ
24-2-1985

ಮೋಹನ,

ನೀನು ದಾಟಿ ಹೋದದ್ದು ನನ್ನನ್ನು.

ಜನವರಿಯ ಮೂರನೆಯ ವಾರದಿಂದ ನಾನು ಅಲ್ಲಿಯೇ ಇದ್ದೇನೆ. ನೀನು ದಾಟಿದ ಆ ಶುಕ್ರವಾರ ನಿನಗೆ ಕೇಳಲಿ ಎಂದು ಕೊಲಂಬೋದವರಿಗೆ ಇಡೀ ವೃತ್ತಾಂತ ಹೇಳಿದೆ, ಆಸ್ಪತ್ರೆಯದ್ದೂ ಸೇರಿ. ಅವರು ಕೊನೆಗೆ, ನಿಮ್ಮ ಬಡಿತ ಎಷ್ಟು ಸುಂದರ ಎಂದರು. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ. ಅದು ನನ್ನದಾಗಿರಲಿಲ್ಲ. ಬರೆದವನು ನೀನು. ನೀನೇ ಬರೆದದ್ದು ಸಮುದ್ರ ದಾಟಿ ಬಂದಾಗ ಯಾವುದೋ ಯಂತ್ರ ಎಂದು ನೀನು ಡಯಲ್ ತಿರುಗಿಸಿದೆ. ಇದರಲ್ಲಿ ತಪ್ಪು ಯಾರದ್ದೂ ಅಲ್ಲ. ನಡುಕವನ್ನು ಮುಚ್ಚಬೇಕು ಎಂದು ನೀನು ಪೆಟ್ಟಿಗೆಗೆ ಹೇಳಿದೆ, ಅದು ಮುಚ್ಚಿತು. ನಡುಕದ ಜೊತೆ ಬೇರೇನೋ ಇತ್ತು, ಅದೂ ಮುಚ್ಚಿಕೊಂಡಿತು.

ನಿನ್ನ ಕಾಗದ ಬಂದ ದಿನ ಪೆಟ್ಟಿಗೆಯ ತಂತಿ ಬಿಚ್ಚಿಟ್ಟೆ. ಹಾಶಿಂ ಟೆರೇಸಿಗೆ ಬಂದು ಬೈದ. "ನಿಮಗೆ ಎಂತ ಮಾರಾಯ್ರೆ, ತಪ್ಪು ಇದ್ದರೂ ದೂರು, ಇಲ್ಲದಿದ್ದರೂ ದೂರು." ಅವನಿಗೆ ಚಹಾ ತಂದ ಕುಶಲಾ, ಎಂದೂ ಈ ವಿಷಯ ಮಾತಾಡದವಳು, ಅಲ್ಲೇ ನಿಂತಳು.

"ಅದು ಚೆಂದ ಉಂಟು," ಎಂದಳು. "ಆದರೆ ಮನೆಯಲ್ಲಿ ಯಾರೋ ನೆಂಟರು ಇದ್ದ ಹಾಗೆ ಆಗ್ತದೆ."

ಹದಿನೆಂಟು ವರ್ಷ ಅವಳು ಅಡಿಗೆಮನೆಯಲ್ಲಿ ನನ್ನ ಬಡಿತ ಕೇಳಿದ್ದಾಳೆ. ಒಂದು ಅಕ್ಷರವೂ ಗೊತ್ತಿಲ್ಲ. ಆದರೆ ಬಂದದ್ದು ನಾನಲ್ಲ ಎಂದು ಅವಳಿಗೆ ನಿನಗಿಂತ ಮೊದಲೇ ತಿಳಿದಿತ್ತು.

ಹಾಶಿಂ ಬಹಳ ಹೊತ್ತು ಚಹಾ ಕುಡಿದ. ಆಮೇಲೆ, ರೇಡಿಯೋದ ಸದ್ದಿಗೆ ಗುಂಡಿ ಇರುವ ಹಾಗೆ ಇದಕ್ಕೂ ಒಂದು ಇಟ್ಟರೆ ಹೇಗೆ ಎಂದ. ಹತ್ತರಲ್ಲಿ ಇಟ್ಟರೆ ಪೆಟ್ಟಿಗೆ ಎಲ್ಲವನ್ನೂ ತಿದ್ದುತ್ತದೆ. ಕೆಳಗೆ ಇಳಿಸಿದಷ್ಟೂ ಬೆರಳು ಮಾಡಿದ್ದೇ ಹೋಗುತ್ತದೆ. ಸೊನ್ನೆಯಲ್ಲಿ ಪೆಟ್ಟಿಗೆ ಸುಮ್ಮನೆ ಇರುತ್ತದೆ. ಎರಡು ವಾರ ಕೂತು ನಿನ್ನ ಪ್ರೋಗ್ರಾಮನ್ನು ತಿದ್ದಿದ. ಷರತ್ತಿನಂತೆ ತಿದ್ದಿದ ಹಾಳೆ ಇದರೊಡನೆ ಇದೆ. ಒಂದು ಕಡೆ ನಿನ್ನ ತಪ್ಪನ್ನೂ ಸರಿಮಾಡಿದ್ದಾನಂತೆ, ಅದನ್ನು ನಿನಗೆ ಹೇಳಲೇಬೇಕೆಂದು ಹಟ.

ಅವನು ನಿನ್ನ ಹಾಳೆಗಳನ್ನು ಕೇಳಿದವರಿಗೆಲ್ಲ ಹಂಚುತ್ತಿದ್ದಾನೆ. ಒಬ್ಬರು ಬಂದು, ಇದನ್ನು ಮಾಡಿ ಮಾರೋಣ, ಪ್ರೋಗ್ರಾಮ್ ಮಾತ್ರ ಹೊರಗೆ ಹೋಗಬಾರದು ಎಂದರು. "ಹೊರಗೆ ಹೋಗದಿದ್ದರೆ ವೆರೋನಿಕಾ ಬಾಯಿ ತೊಳೆದ ದಿನವೇ ಇದು ಸತ್ತುಹೋಗುತ್ತಿತ್ತಲ್ಲ" ಎಂದು ಹಾಶಿಂ ಅವರನ್ನು ಮೆಟ್ಟಿಲವರೆಗೆ ಬಿಟ್ಟು ಬಂದ.

ಗುಂಡಿ ಈಗ ಹತ್ತರಲ್ಲಿದೆ. ನಾಳೆಯಿಂದ ಇಳಿಸುತ್ತೇನೆ. ಎಷ್ಟು ದಿನಕ್ಕೆ ಎಷ್ಟು ಎಂದು ಕೇಳಬೇಡ. ಕೇಳುವಷ್ಟಾದ ಮೇಲೆ ಗಾಳಿಗೆ ಬರುತ್ತೇನೆ, ಅಲ್ಲಿಯವರೆಗೆ ಇಲ್ಲ.

ಲೋಕನಾಥ


ಅತ್ತಾವರ
21-4-1985

ಮೋಹನಣ್ಣನಿಗೆ ಕುಶಲಾ ಬರೆಯುವುದು.

ಇವರು ಬರೆಯುವುದಿಲ್ಲ, ನಾನು ಬರೆಯದಿದ್ದರೆ ನೀವು ಏನೇನೋ ಎಣಿಸಿಕೊಳ್ಳುತ್ತೀರಿ. ಗುಂಡಿ ಆರಕ್ಕೆ ಬಂದಿತ್ತು. ಮೊನ್ನೆ ಏನೋ ಸಿಟ್ಟಿನಲ್ಲಿ ಮತ್ತೆ ಹತ್ತಕ್ಕೆ ಏರಿಸಿದರು. ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ನಾನು ಧೂಳು ಒರೆಸುವಾಗ ಐದಕ್ಕೆ ತಿರುಗಿಸಿಟ್ಟೆ. ತಿಳಿಯಿತೋ ಇಲ್ಲವೋ, ಕೇಳಲಿಲ್ಲ, ಅಲ್ಲಿಂದಲೇ ಮುಂದುವರಿಸಿದರು.

ಹೋಟೆಲಿನ ಗಲ್ಲಾದಲ್ಲಿ ಕೂತಾಗಲೂ ಎಡಗೈ ಬೆರಳು ಮೇಜಿಗೆ ಬಡಿಯುತ್ತಿರುತ್ತದೆ. ಸಪ್ಲೈಯರ್‌ಗಳು ಕರೆದರೆಂದು ಓಡಿ ಬರುತ್ತಾರೆ. ಮಹಾಬಲ ಭಾವ, "ಲೋಕ, ನೀನು ಬಡಿದು ಬಡಿದು ನನ್ನ ಹುಡುಗರ ಕಾಲು ಸವೆಯಿತು" ಎಂದು ತಮಾಷೆ ಮಾಡುತ್ತಾರೆ. ಮೊದಲೆಲ್ಲ ಇವರು ಕೈಯನ್ನು ಮೇಜಿನ ಕೆಳಗೆ ಇಡುತ್ತಿದ್ದರು.

ಕಾಸರಗೋಡಿನಿಂದ ಚಿತ್ತರಂಜನ ರೈಗಳು ಎಂಬ ಹಿರಿಯರು ಬಂದಿದ್ದರು. ತಾರು ಕಚೇರಿಯಲ್ಲಿದ್ದವರು, ಈಗ ಎರಡೂ ಕೈ ನಡುಗುತ್ತದೆ. ಹಾಶಿಮನ ಹಾಳೆ ಅವರಿಗೂ ಸಿಕ್ಕಿದೆ, ಆದರೆ ಪೆಟ್ಟಿಗೆ ಕಟ್ಟುವವರಿಲ್ಲ. ಇವರೂ ಅವರೂ ಟೆರೇಸಿನಲ್ಲಿ ಕೂತು ಏನು ಮಾತಾಡಿದರೋ. ಹೋಗುವಾಗ ರೈಗಳು ಸೆಟ್ಟಿನ ಕೀಯನ್ನು ಒಮ್ಮೆ ಮುಟ್ಟಿ ನೋಡಿದರು, ಅಷ್ಟೇ.

ನೀವು ಕೂರುವುದನ್ನು ಬಿಡಬೇಡಿ. ನಾನು ಹೇಳಿದೆ ಎಂದು ಬರೆಯಬೇಡಿ.

ಕುಶಲಾ


ರುವಿ
8-6-1985

ಲೋಕಣ್ಣ,

ನಿನ್ನೆ ಶುಕ್ರವಾರ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಿಮ್ಮ ಆರಕ್ಕೆ ಕೂತೆ. ಮಳೆಗಾಲ ಅಲ್ಲಿ ಶುರುವಾಗಿರಬೇಕು, ಬ್ಯಾಂಡಿನಲ್ಲಿ ಸಿಡಿಲಿನ ಕರಕರ. ಡಯಲ್ ಮೆಲ್ಲ ತಿರುಗಿಸುತ್ತಿದ್ದೆ.

ಯಾರೋ ಕುಂಟುತ್ತಾ ಬರುತ್ತಿದ್ದರು. ತೀರ ಕ್ಷೀಣ. ಡಿಗಳು ಒಂದಕ್ಕೊಂದು ತಾಗುತ್ತಿದ್ದವು, ನಡುವೆ ಉಸಿರು ಹಿಡಿದ ಹಾಗೆ ಖಾಲಿ. ಹೊಸಬ ಇರಬೇಕು, ಈಗಷ್ಟೇ ಲೈಸೆನ್ಸ್ ಸಿಕ್ಕಿರಬೇಕು ಎಂದುಕೊಂಡೆ. ಹೊಸಬರಿಗೆ ಯಾರೂ ಉತ್ತರ ಕೊಡುವುದಿಲ್ಲ, ಪಾಪ ಎಂದು ನಿಂತೆ. ಅವನು ಕರೆಹೆಸರು ಬಡಿಯತೊಡಗಿದ. ನನಗೆ ಒಂದು ಅಕ್ಷರವೂ ಖಚಿತವಾಗಲಿಲ್ಲ. ಕೊನೆಗೆ ವೈ ಬಂತು. ಡಾ ಡಿ ಡಾ, ಆಮೇಲೆ ಆ ಡಾ. ಎಳೆದದ್ದು. ತೊಕ್ಕೊಟ್ಟು.

ಲೋಕಣ್ಣ, ಆ ಎಳೆತ ಬಲಗೈಯದ್ದು ಎಂದು ನಾನು ಇಷ್ಟು ಕಾಲ ತಿಳಿದಿದ್ದೆ. ಕೈ ಬೇರೆಯಾದರೂ ಅದು ಬಂತಲ್ಲ.

ಆಮೇಲಿನದ್ದೆಲ್ಲ ಬರೆದುಕೊಂಡಿದ್ದೇನೆ. ಕೊಲಂಬೋದವರು ನಿಮ್ಮನ್ನು ಎರಡೆರಡು ಸಲ ಕೇಳಿ ಬರೆದುಕೊಂಡರು, ಈ ಸಲ ಸುಂದರ ಎನ್ನಲಿಲ್ಲ. ಹೋಟೆಲಿನ ಮೇಲಂತಸ್ತು ಮುಗಿಯಿತು, ಕುಶಲಕ್ಕನ ತಂಗಿಯ ಮದುವೆ ಚೆನ್ನಾಗಿ ಆಯಿತು, ಮಳೆ ಬಂತು. ಇಷ್ಟು ಹೇಳಲು ನಿಮಗೆ ಮುಕ್ಕಾಲು ಗಂಟೆ. ವಿಲ್ಲಿ ನಡುವೆ ಬಂದವನು ನನ್ನ ಮುಖ ನೋಡಿ ಸದ್ದಿಲ್ಲದೆ ಬಾಗಿಲು ಹಾಕಿಕೊಂಡು ಹೋದ.

ಗುಂಡಿ ಎಷ್ಟರಲ್ಲಿತ್ತು? ಎರಡು ಎಂದು ನನ್ನ ಊಹೆ. ಅಕ್ಟೋಬರಿನಲ್ಲಿ ರಜೆ ಸಿಗುತ್ತದೆ. ಈ ಸಲ ಊರಿಗೆ ಬಂದವನು ಲೈಸೆನ್ಸಿನ ಪರೀಕ್ಷೆ ಬರೆದೇ ಹೋಗುತ್ತೇನೆ, ಟೆರೇಸಿನಲ್ಲಿ ಒಂದು ಕುರ್ಚಿ ಜಾಸ್ತಿ ಇಡಿ. ಹಾಶಿಮನಿಗೆ ಹೇಳಿ, ಅವನು ಸರಿಮಾಡಿದೆ ಎನ್ನುವ ತಪ್ಪು ತಪ್ಪೇ ಅಲ್ಲ.

ನಿಮ್ಮ
ಮೋಹನದಾಸ್


ಅತ್ತಾವರ
30-6-1985

ಮೋಹನ,

ನಿನ್ನ ಊಹೆ ತಪ್ಪಿದೆ. ಎರಡಲ್ಲ, ಸೊನ್ನೆಯೂ ಅಲ್ಲ. ಆ ಶುಕ್ರವಾರ ಪೆಟ್ಟಿಗೆ ಮನೆಯಲ್ಲಿಯೇ ಇರಲಿಲ್ಲ. ಅದರ ಹಿಂದಿನ ವಾರ ಹಾಶಿಂ ಅದನ್ನು ಬೊಟ್ಟಿನ ಸಮೇತ ಕಾಸರಗೋಡಿಗೆ ಒಯ್ದು ರೈಗಳ ಸೆಟ್ಟಿಗೆ ಜೋಡಿಸಿ ಬಂದ. ನಾನು ಹಳೆಯ ಕೀಯನ್ನೇ ಎಡಗೈಗೆ ಸಿಗುವ ಹಾಗೆ ತಿರುಗಿಸಿ ಕೂತಿದ್ದೆ. ಹೆದರಿಕೆ ಇತ್ತು. ಕೊನೆಯ ಡಾ ಎಳೆದದ್ದು ನನಗೆ ತಿಳಿಯಲಿಲ್ಲ. ತಿಳಿದಿದ್ದರೆ ಎಳೆಯುತ್ತಿರಲಿಲ್ಲ.

ಕುರ್ಚಿ ಇದೆ. ಲೈಸೆನ್ಸನ್ನು ಮುಂದಿನ ವರ್ಷಕ್ಕೂ ನವೀಕರಿಸುತ್ತೇನೆ. ಪರೀಕ್ಷಿಸಲು ಈಗ ಪೆಟ್ಟಿಗೆಯೂ ಇಲ್ಲ, ಸುಮ್ಮನೆ.

ರೈಗಳು ಇನ್ನೂ ಹತ್ತರಲ್ಲಿದ್ದಾರೆ. ಬಹಳ ಕಾಲದ ಮೇಲೆ ಗಾಳಿಗೆ ಬರುತ್ತಿದ್ದಾರೆ, ಉತ್ತರ ಸಿಗುವುದೋ ಇಲ್ಲವೋ ಎಂಬ ಅಳುಕು ಅವರಿಗೂ ಉಂಟು. ಡಯಲಿನಲ್ಲಿ ನನಗಿಂತ ಸ್ವಲ್ಪ ಕೆಳಗೆ ಸಿಗುತ್ತಾರೆ. ಬರುವ ಶುಕ್ರವಾರ ಆ ಕಡೆ ಅಚ್ಚು ಹೊಡೆದ ಹಾಗೆ ಶುದ್ಧವಾಗಿ ಏನಾದರೂ ಕೇಳಿಸಿದರೆ, ಡಯಲ್ ಮುಂದೆ ತಿರುಗಿಸಬೇಡ.

ಲೋಕನಾಥ